ಪಾರಿ ಕೈ ಎತ್ತಿದ ಮಳೆಗಾಲ

ಬನಹಟ್ಟಿಯ ಯಾವ ಚಹಾದಂಗಡಿಯ ಮುಂದೆ ನಿಂತು ಪಾರ್ವತಿಯ ಹೆಸರೆತ್ತಿದರೂ ಒಂದೇ ಕಥೆ ಸಿಗುತ್ತದೆ. ಜಮಖಂಡಿಯಲ್ಲಿ ಫುಟ್‌ಬಾಲ್ ಫೈನಲ್. ಎದುರಿಗೆ ಬೀಳಗಿಯ ಹುಡುಗಿಯರು. ಅವರಲ್ಲೊಬ್ಬಳು ಚೆಂಡು ದಾಟಿಸಿ ಓಡುತ್ತ ಬಿದ್ದಳು. ನಮ್ಮ ಪಾರ್ವತಿ ಕೈ ಎತ್ತಿ ತನ್ನ ತಂಡವನ್ನೇ ನಿಲ್ಲಿಸಿದಳು. ಆ ಹೊತ್ತಿಗೆ ಬೀಳಗಿಯವರು ಗೋಲು ಹೊಡೆದರು, ನಮ್ಮವರು ಸೋತರು. ಆದರೆ ಅವಳ ದೊಡ್ಡ ಮನಸ್ಸು ಕಂಡು ಆಯ್ಕೆಗೆ ಬಂದಿದ್ದ ಮೇಡಂ ಅವಳನ್ನೇ ಆರಿಸಿಕೊಂಡರು, ಅಲ್ಲಿಂದ ಅವಳು ದೇಶದ ತಂಡದ ಮಿಡ್‌ಫೀಲ್ಡರ್ ಆದಳು.

ಕೇಳಲು ಚೆನ್ನಾಗಿದೆ. ನನ್ನ ತಕರಾರು ಇಷ್ಟೇ: ಆ ದಿನ ಬನಹಟ್ಟಿಯ ಗೋಲಿನಲ್ಲಿ ನಿಂತಿದ್ದವಳು ನಾನು. ಇಡೀ ಮೈದಾನ ನನ್ನ ಕಣ್ಣೆದುರಿಗಿತ್ತು. ಪಾರಿಯ ಕೈ ಮೊದಲು ಮೇಲೆ ಹೋಯಿತು, ಆ ಹುಡುಗಿ ಬಿದ್ದದ್ದು ಆಮೇಲೆ. ಇನ್ನೂ ಬೀಳದವಳಿಗಾಗಿ ಯಾರಾದರೂ ಮರುಕಪಡುವುದುಂಟೇ? ಈ ಒಂದು ಪ್ರಶ್ನೆಗೆ ಕಥೆ ಹೇಳುವವರ ಹತ್ತಿರ ಉತ್ತರವಿಲ್ಲ. ಕೇಳಿದರೆ, "ಏ, ನೀ ವಕೀಲಕಿ ಆಗಿ ಕೆಟ್ಟಿ" ಎನ್ನುತ್ತಾರೆ.

ಕಳೆದ ತಿಂಗಳು ಪಾರಿಗೆ ಊರಿನಲ್ಲಿ ಸನ್ಮಾನವಿತ್ತು. ಮೊಣಕಾಲಿನ ನೋವಿನಿಂದ ಇನ್ನು ದೇಶದ ತಂಡಕ್ಕೆ ಆಡುವುದಿಲ್ಲವೆಂದು ಹೇಳಿ ಮನೆಗೆ ಬಂದಿದ್ದಾಳೆ. ಇಲ್ಲೇ ಹುಡುಗಿಯರಿಗೆ ಕಲಿಸುತ್ತಾಳಂತೆ. ನಾನು ಧಾರವಾಡದಿಂದ ಬೆಳಿಗ್ಗೆಯ ಬಸ್ಸು ಹಿಡಿದು ಹೋದೆ. ಆಟೋ ಇಳಿದದ್ದೇ, ಸಭಾಭವನದ ಹಿಂದಿನ ಓಣಿಯಿಂದ ನೂಲಿಗೆ ಹಚ್ಚುವ ಗಂಜಿಯ ವಾಸನೆ ಬಂತು. ಬೆಂದ ಹಿಟ್ಟಿನ, ತುಸು ಹುಳಿ ಹಿಡಿದ ವಾಸನೆ. ಮಳೆಗಾಲದಲ್ಲಿ ನೂಲು ಬೇಗ ಒಣಗುವುದಿಲ್ಲವಾದ್ದರಿಂದ ಅದು ಓಣಿಯಲ್ಲೇ ಉಳಿದು, ನಮ್ಮ ಬಟ್ಟೆಗೆ, ಜಡೆಗೆ, ಕೊನೆಗೆ ಚೆಂಡಿಗೂ ಅಂಟಿಕೊಂಡಿರುತ್ತಿತ್ತು. ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದ ಮಳೆಗಾಲ ಪೂರ್ತಿ ನನ್ನ ಮೂಗಿಗೆ ಹೀಗೇ ವಾಪಸು ಬಂತು.

ಆ ವರ್ಷ ನಾನು ಫುಟ್‌ಬಾಲ್ ಆಟಗಾರ್ತಿಯಾದದ್ದಕ್ಕೆ ಪ್ರತಿಭೆ ಕಾರಣವಲ್ಲ. ಚರ್ಚಾಸ್ಪರ್ಧೆಯಲ್ಲಿ ಗೆದ್ದು ಬಂದಿದ್ದೆ. ಕಾಲೇಜಿನ ಪಿ.ಟಿ. ಸರ್ ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿದರು.

"ವಿದ್ಯಾ, ನಮ್ಮ ಹುಡುಗ್ಯಾರ ತಂಡಕ್ಕ ಗೋಲ್‌ಕೀಪರ್ ಇಲ್ಲ. ನಿನ್ನ ಬಾಯಿ ಛಲೋ ಐತಿ. ಗೋಲಿನ್ಯಾಗ ನಿಂತು ಒದರು, ಸಾಕು."

"ಚೆಂಡು ಬಂದ್ರ ಏನ್ ಮಾಡ್ಲಿರಿ ಸರ್?"

"ಬರಬ್ಯಾಡ ಅಂತ ಒದರು."

ಒದರಿದೆ. ಮೊದಲ ದಿನವೇ ಗಂಟಲು ಹರಿಯುವಷ್ಟು ಒದರಿದೆ. ಎಡಕ್ಕ ಬರಾಕತ್ತಾಳ, ಬಲಕ್ಕ ಯಾರೂ ಇಲ್ಲ, ಹಿಂದ ಬರ್ರಿ! ಒಬ್ಬಳೂ ತಿರುಗಿ ನೋಡಲಿಲ್ಲ. ಆಟ ಮುಗಿದ ಮೇಲೆ ಪಾರಿ ನನ್ನ ಹತ್ತಿರ ಬಂದಳು. ಸಣ್ಣಗೆ, ಕಪ್ಪಗೆ, ಎರಡು ಜಡೆಯನ್ನು ಮೇಲಕ್ಕೆ ಮಡಚಿ ಕಟ್ಟಿದ ಹುಡುಗಿ. ನನ್ನದೇ ತರಗತಿಯ ಕೊನೆಯ ಬೆಂಚಿನವಳು. ಅಲ್ಲಿಯವರೆಗೆ ಅವಳ ದನಿಯನ್ನೇ ನಾನು ಕೇಳಿರಲಿಲ್ಲ.

"ಯಾಕ ಬೇ ಹಂಗ ಬಡಕೊಳ್ಳಾಕತ್ತಿದ್ದಿ? ನಾವೇನು ಕಿವುಡರನ?"

"ಹಂಗಾರ ತಿರುಗಿ ನೋಡ್ರಲ್ಲ!"

"ಒದರಿದ್ದಕ್ಕ ತಿರುಗಿ ನೋಡೋ ರೂಢಿ ಇಲ್ಲ ನಮಗ. ಕೈ ಮಾಡು."

ನಾನು ಬನಹಟ್ಟಿಯವಳೇ. ಆದರೆ ನಮ್ಮದು ನೂಲಿನ ಅಂಗಡಿ, ಮನೆಯಲ್ಲಿ ಮಗ್ಗವಿಲ್ಲ. ನಮ್ಮ ತಂಡದ ಹೆಚ್ಚಿನವರು ಮಗ್ಗದ ಮನೆಗಳಿಂದ ಬಂದವರು. ಪಾವರ್‌ಲೂಮ್ ಓಡುವ ಶೆಡ್ಡಿನಲ್ಲಿ ಪಕ್ಕದವರ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳಿಸುವುದಿಲ್ಲ. ಅದಕ್ಕೆ ಅಲ್ಲಿ ಮಾತೆಲ್ಲ ಕೈಯಲ್ಲಿ. ಅಂಗೈಯನ್ನು ಸೊಂಟದ ಹತ್ತಿರ ಕೆಳಮುಖ ಹಿಡಿದರೆ "ಇತ್ತ ಕೊಡು". ಮಣಿಕಟ್ಟು ತಿರುವಿದರೆ "ಕಂಡಿಕಿ ಮುಗೀತು", ಎಂದರೆ ಲಾಳಿಯೊಳಗಿನ ನೂಲು ತೀರಿತು. ಕೈಯನ್ನು ತಲೆಯ ಮೇಲಕ್ಕೆತ್ತಿ ಬೆರಳು ಅಗಲಿಸಿದರೆ "ನಿಲ್ಲಿಸು". ಈ ಕೊನೆಯದಕ್ಕೆ ಯಾಕೆ ಎಂದು ಯಾರೂ ಕೇಳುವುದಿಲ್ಲ. ಎಳೆ ಹರಿದಿರಬಹುದು, ಯಾರದೋ ಸೆರಗು ಮಗ್ಗ ತಿರುಗಿಸುವ ಬೆಲ್ಟಿನ ಹತ್ತಿರ ಹೋಗಿರಬಹುದು. ಮೊದಲು ನಿಲ್ಲಿಸಬೇಕು, ಆಮೇಲೆ ನೋಡಬೇಕು. ಪಾರಿಯ ಮನೆಯಲ್ಲಿ ಅಜ್ಜಿ ಹಾಗೆ ಕೈ ಎತ್ತಿದರೆ ಊಟಕ್ಕೆ ಕೂತವರ ತುತ್ತು ಬಾಯಿಯ ಹತ್ತಿರವೇ ನಿಂತುಬಿಡುತ್ತಿತ್ತು. ನಾನೇ ನೋಡಿದ್ದೇನೆ, ನಗು ತಡೆಯಲಾಗದೆ ಅಜ್ಜಿಯಿಂದ ಬೈಸಿಕೊಂಡಿದ್ದೇನೆ.

ಪತ್ರಿಕೆಯವರು ಬರೆಯುವ ಇನ್ನೊಂದು ಸುಳ್ಳನ್ನೂ ಇಲ್ಲೇ ತೆಗೆದುಹಾಕುತ್ತೇನೆ. ಪಾರಿಯ ಅಪ್ಪ ಆಟಕ್ಕೆ ವಿರೋಧವಾಗಿದ್ದರು ಎನ್ನುತ್ತಾರೆ. ವಿರೋಧ ಮಾಡಬೇಕಾದರೆ ಮೊದಲು ಗಮನ ಬೇಕು. ಆ ಮನುಷ್ಯನ ಗಮನವೆಲ್ಲ ಸೀರೆಯ ಅಂಚಿನಲ್ಲಿತ್ತು. ಮಗಳ ಬೂಟನ್ನು ಎರಡು ತಿಂಗಳು ನೋಡಿದ ಮೇಲೆ, "ಇವು ಯಾರವು?" ಎಂದು ಕೇಳಿದರಂತೆ. ತೀರ್ಮಾನ ಮಾಡಿದವಳು ಅವ್ವ. ಪಾರಿ ನೋಡಿಕೊಳ್ಳುತ್ತಿದ್ದ ಎರಡು ಮಗ್ಗಗಳನ್ನು ತನ್ನ ಎರಡಕ್ಕೆ ಸೇರಿಸಿಕೊಂಡು ಹೇಳಿದಳು:

"ದೀಪಾವಳಿ ತನಕ ನಾಕೂ ನಾ ನೋಡ್ಕೋತೀನಿ. ಅಷ್ಟರಾಗ ಯಾರರ ಆರಿಸ್ಕೊಂಡ್ರ ಹೋಗು. ಇಲ್ಲಾಂದ್ರ ಬೂಟು ಅಟ್ಟಕ್ಕ, ನೀ ಮಗ್ಗಕ್ಕ."

ಅದರಲ್ಲಿ ಸಿಟ್ಟಿರಲಿಲ್ಲ, ಲೆಕ್ಕಾಚಾರವಿತ್ತು. ನಾಲ್ಕು ಮಗ್ಗಗಳ ನಡುವೆ ಒಬ್ಬಳೇ ತಿರುಗುವುದು ಒಂದು ಮಳೆಗಾಲಕ್ಕೆ ಆಗಬಹುದು, ವರ್ಷಕ್ಕಲ್ಲ. ಪಾರಿಯೂ ವಾದಿಸಲಿಲ್ಲ. ನಾನಾಗಿದ್ದರೆ ವಾದಿಸುತ್ತಿದ್ದೆ.

ಆ ಸಲ ಮಳೆ ಬಿಡದೆ ಹಿಡಿಯಿತು. ಕೃಷ್ಣೆಯ ಹಿನ್ನೀರು ಏರಿ ಬೀಳಗಿ ಕಡೆಯ ಬಸ್ಸುಗಳು ತಡವಾಗುತ್ತಿದ್ದವು. ನಮ್ಮ ಮೈದಾನದ ಅರ್ಧ ಭಾಗ ಕೆಸರು. ಅಲ್ಲಿ ಚೆಂಡು ನಿಂತುಬಿಡುತ್ತಿತ್ತು, ಪಾರಿ ಮಾತ್ರ ನಿಲ್ಲುತ್ತಿರಲಿಲ್ಲ. ಚೆಂಡು ಅವಳ ಕಾಲಿಗೆ ಬರುವ ಮೊದಲು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ಬೆನ್ನ ಹಿಂದಕ್ಕೆ ನೋಡುತ್ತಿದ್ದಳು. ಬಂದ ಮೇಲೆ ನೋಡುತ್ತಲೇ ಇರಲಿಲ್ಲ. ಎಲ್ಲಿಗೆ ಕಳಿಸಬೇಕೆಂದು ಆಗಲೇ ಗೊತ್ತಿರುತ್ತಿತ್ತು. ಇದನ್ನು ಮಗ್ಗದಿಂದ ಕಲಿತಳೆಂದು ಭಾಷಣಗಳಲ್ಲಿ ಹೇಳುತ್ತಾರೆ. ಅದೇ ಮಗ್ಗಗಳ ನಡುವೆ ಬೆಳೆದ ಅವಳ ಅಕ್ಕ ರಸ್ತೆ ದಾಟುವಾಗಲೂ ಆಚೀಚೆ ನೋಡುವುದಿಲ್ಲ. ಎಲ್ಲವನ್ನೂ ಮಗ್ಗದ ತಲೆಗೆ ಕಟ್ಟಬಾರದು. ಸ್ವಲ್ಪ ಪಾರಿಗೂ ಬಿಡಬೇಕು.

ಸೆಮಿಫೈನಲ್ ಮುಧೋಳದಲ್ಲಿ. ರಾಜ್ಯದ ಶಿಬಿರಕ್ಕೆ ಹುಡುಗಿಯರನ್ನು ಆರಿಸಲು ಬೆಂಗಳೂರಿನಿಂದ ಒಬ್ಬ ಮೇಡಂ ಬಂದಿದ್ದರು. ನಾವು ಗೆದ್ದೆವು. ಮೇಡಂ ಪಿ.ಟಿ. ಸರ್ ಹತ್ತಿರ ಹೇಳಿದ್ದು ನನ್ನ ಕಿವಿಗೂ ಬಿತ್ತು: "ಆ ಎಂಟನೇ ನಂಬರ್ ಹುಡುಗಿ ಚೆನ್ನಾಗಿದಾಳೆ. ಆದ್ರೆ ಮಿಡ್‌ಫೀಲ್ಡ್‌ನಲ್ಲಿ ಇರೋಳು ಮಾತಾಡ್ಬೇಕು. ಇವಳು ಬಾಯೇ ಬಿಡಲ್ಲ. ಫೈನಲ್‌ನಲ್ಲಿ ಇನ್ನೊಂದ್ಸಲ ನೋಡ್ತೀನಿ."

ಹಾಗಾದರೆ ಪಾರಿಗೆ ಬಾಯಿ ಬಿಡಿಸುವುದು ನನ್ನ ಕೆಲಸ ಎಂದುಕೊಂಡೆ. ಮರಳುವ ಬಸ್ಸಿನಲ್ಲೇ ಪಾಠ ಶುರು ಮಾಡಿದೆ.

"ಒದರಲೇ, ಹಿಂದ ಬರಾಕತ್ತಾಳ ಅಂತ!"

"ಹಿಂದ ಬರಾಕತ್ತಾಳ," ಎಂದಳು ಪಾರಿ, ದೇವರ ಮನೆಯಲ್ಲಿ ಹೇಳಿದಷ್ಟು ಮೆಲ್ಲಗೆ.

ಮುಂದಿನ ಸೀಟಿನ ಮುದುಕಿ ತಿರುಗಿ, "ಯವ್ವಾ, ನೀರು ಬೇಕೇನ?" ಎಂದಳು. ಇಡೀ ತಂಡ ಬಿದ್ದು ಬಿದ್ದು ನಕ್ಕಿತು. ಪಾರಿ ಕೂಡ ನಕ್ಕಳು, ಅದೂ ಸದ್ದಿಲ್ಲದೆ. ನನಗೆ ಮಾತ್ರ ನಗು ಬರಲಿಲ್ಲ. ದೀಪಾವಳಿ ಹತ್ತಿರ ಬರುತ್ತಿತ್ತು.

ಜಮಖಂಡಿಯ ಮೈದಾನದಲ್ಲಿ ಆ ಬೆಳಿಗ್ಗೆ ಮಳೆ ಬಿಡುವು ಕೊಟ್ಟಿತ್ತು. ಗಣಪತಿ ಹಬ್ಬಕ್ಕೆ ಹಾಕಿದ್ದ ಪೆಂಡಾಲು ತೆಗೆದು ಬಹಳ ದಿನವಾಗಿತ್ತು. ಅಂಚಿನಲ್ಲಿ ಹುಲ್ಲು ಪಾದ ಮುಚ್ಚುವಷ್ಟು ಬೆಳೆದಿತ್ತು. ಬೀಳಗಿಯ ತಂಡದ ಬಹುಪಾಲು ಹುಡುಗಿಯರು ಹೊಲದ ಮನೆಯವರು, ಈ ದಂಡೆಯಿಂದ ಆ ದಂಡೆಗೆ ಮಾತಾಡಿ ಬೆಳೆದವರು. ಅವರು ಕೂಗಿದರೆ ನನ್ನ ದನಿಯೂ ಮುಳುಗುತ್ತಿತ್ತು. ಅವರ ಬಲಬದಿಯಲ್ಲಿ ಓಡುತ್ತಿದ್ದವಳು ಅನಗವಾಡಿಯ ರೇಣುಕಾ, ಇಡೀ ಮೈದಾನದಲ್ಲೇ ವೇಗದ ಹುಡುಗಿ. ಮೊದಲ ಗೋಲು ಅವಳದೇ. ಅದಕ್ಕೆ ಯಾರ ಕಥೆಯೂ ಇಲ್ಲ, ಸೊಗಸಾಗಿ ಹೊಡೆದಳು, ನಾನು ನೋಡುತ್ತ ನಿಂತೆ.

ಎರಡನೆಯದು ಹೀಗಾಯಿತು. ರೇಣುಕಾ ಅಂಚಿನಲ್ಲಿ ಓಡಿ ಬರುತ್ತಿದ್ದಳು, ಚೆಂಡನ್ನು ಒಳಗಿದ್ದ ಗೆಳತಿಗೆ ತಳ್ಳಿ ತಾನು ಮುಂದೆ ನುಗ್ಗುತ್ತಿದ್ದಳು. ಪಾರಿ ಮೈದಾನದ ನಡುವಿದ್ದಳು. ಅವಳ ಕೈ ಮೇಲಕ್ಕೆ ಹೋಯಿತು. ತಲೆಯ ಮೇಲೆ, ನೆಟ್ಟಗೆ, ಬೆರಳು ಅಗಲಿಸಿ. ಆಮೇಲೆ ರೇಣುಕಾ ಮುಗ್ಗರಿಸಿ ಹುಲ್ಲಿನ ಮೇಲೆ ಬಿದ್ದಳು. ನಮ್ಮ ಮಗ್ಗದ ಮನೆಯ ಹುಡುಗಿಯರು, ಒಬ್ಬಳೂ ಬಿಡದೆ, ಇದ್ದಲ್ಲೇ ನಿಂತುಬಿಟ್ಟರು. ಓಡುತ್ತಿದ್ದವರ ಕಾಲು ನಿಂತಿತು. ಮುಂದೆ ಆಡುತ್ತಿದ್ದ ಸರೋಜಾಳಂತೂ ಬಲಗೈಯನ್ನು ಪಕ್ಕಕ್ಕೆ ಚಾಚಿ ಇಲ್ಲದ ಮಗ್ಗದ ಹಿಡಿಕೆಯನ್ನು ಎಳೆದಳು. "ಆಡ್ರೆಲೇ! ಆಡ್ರಿ! ಸೀಟಿ ಊದಿಲ್ಲ!" ಎಂದು ನಾನು ಒದರುತ್ತಿದ್ದೆ. ಬೀಳಗಿಯ ಹುಡುಗಿ ಚೆಂಡನ್ನು ನನ್ನ ಎಡಕ್ಕೆ ಆರಾಮಾಗಿ ತಳ್ಳಿ, ತಾನೇ ಅನುಮಾನದಿಂದ ರೆಫರಿಯ ಮುಖ ನೋಡಿದಳು. ರೆಫರಿ ಗೋಲೆಂದರು.

ಮಧ್ಯಂತರದಲ್ಲಿ ಪಿ.ಟಿ. ಸರ್ ಮುಖ ಕೆಂಪಗಾಗಿತ್ತು. "ಯಾಕ ನಿಂತ್ರೆಲೇ?"

"ಪಾರಿ ಕೈ ಎತ್ತಿದ್ಲರಿ," ಎಂದಳು ಸರೋಜಾ.

"ಕೈ ಎತ್ತಿದ್ರ?"

"ನಿಲ್ಲಸಬೇಕಲ್ರಿ."

ಸರ್ ಪಾರಿಯ ಕಡೆ ತಿರುಗಿದರು. "ನೀ ಯಾಕ ಎತ್ತಿದಿ?" ಪಾರಿ ಬಗ್ಗಿ ಬೂಟಿನ ಲೇಸು ಬಿಗಿಯುತ್ತಿದ್ದಳು, ಆಗಲೇ ಬಿಗಿದಿದ್ದ ಲೇಸನ್ನು.

ಆವತ್ತು ನಾನು ತೀರ್ಪು ಕೊಟ್ಟುಬಿಟ್ಟೆ: ಗಡಿಬಿಡಿಯಲ್ಲಿ ಚೆಂಡು ಕೇಳಲು ಹೋಗಿ ಕೈ ಮೇಲೆ ಎತ್ತಿದ್ದಾಳೆ, ರೂಢಿಯಿಂದ ಇವರೆಲ್ಲ ನಿಂತಿದ್ದಾರೆ. ಮಗ್ಗದವರು ಮಾತ್ರ ಮಾಡಬಹುದಾದ ತಪ್ಪು. ಎಷ್ಟೋ ವರ್ಷ ಇದೇ ನನ್ನ ವಾದವಾಗಿತ್ತು, ಮತ್ತು ಯಾರೂ ಅದನ್ನು ಸೋಲಿಸಿರಲಿಲ್ಲ.

ಎರಡನೇ ಅರ್ಧದಲ್ಲಿ ಪಾರಿ ಆಡಿದ್ದನ್ನು ನಾನು ಇವತ್ತಿಗೂ ಮಾತಿನಲ್ಲಿ ಹಿಡಿಯಲಾರೆ. ಬೀಳಗಿಯವರ ಗದ್ದಲದ ನಡುವೆ ನಮ್ಮವರು ಒಂದೂ ಸದ್ದಿಲ್ಲದೆ ಚೆಂಡು ದಾಟಿಸಿದರು. ಪಾರಿಯ ಅಂಗೈ ಸೊಂಟದ ಹತ್ತಿರ ಮೂಡುವುದು, ಚೆಂಡು ಬರುವುದು, ಹೋಗುವುದು. ನಾನು ಕೂಗುವುದನ್ನೇ ಮರೆತೆ. ಅವಳು ಕಳಿಸಿದ ಚೆಂಡಿನಿಂದ ಸರೋಜಾ ಒಂದು ಗೋಲು ಹೊಡೆದಳು. ಇನ್ನೊಂದು ಆಗಲಿಲ್ಲ. ಎರಡು-ಒಂದರಿಂದ ಸೋತೆವು.

ಆಟ ಮುಗಿದದ್ದೇ ನಾನು ನೇರ ಮೇಡಂ ಹತ್ತಿರ ಹೋದೆ. "ಮೇಡಂ, ಅಕಿ ಕೈ ಎತ್ತಿದ್ದು ಬೇಕಂತ ಅಲ್ರಿ. ಅದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ."

"ಯಾವ ಕೈ?" ಎಂದರು ಮೇಡಂ. ಆ ಹೊತ್ತಿಗೆ ಅವರು ಶಾಮಿಯಾನದ ಹಿಂದೆ ಚಹಾ ಕುಡಿಯುತ್ತ ಫೋನಿನಲ್ಲಿದ್ದರಂತೆ. ನೋಡಿಯೇ ಇರಲಿಲ್ಲ! ದೊಡ್ಡ ಮನಸ್ಸು ಕಂಡು ಆರಿಸಿದರು ಎನ್ನುವ ಮಾತು ಅಲ್ಲಿಗೇ ಬಿದ್ದುಹೋಗಬೇಕು. "ಎಂಟನೇ ನಂಬರ್‌ನ ನಾನು ಆಗಲೇ ಬರ್ಕೊಂಡಿದೀನಿ," ಎಂದರು. "ಚೆಂಡು ಬರೋಕೆ ಮುಂಚೇನೆ ಎಲ್ಲಾ ನೋಡಿಟ್ಕೊಂಡಿರ್ತಾಳೆ. ಅದನ್ನ ಕಲಿಸೋಕಾಗಲ್ಲ. ಮಾತು ಬೇಕಾದ್ರೆ ಕಲಿಸ್ಬಹುದು."

ಸಂಜೆ ನಾನೂ ಪಾರಿಯೂ ಅವಳ ಮನೆಗೆ ಓಡಿದೆವು. ಶೆಡ್ಡಿನಲ್ಲಿ ನಾಲ್ಕೂ ಮಗ್ಗ ಓಡುತ್ತಿದ್ದವು. ಆಯ್ಕೆಯಾದೆ ಎನ್ನುವುದಕ್ಕೆ ಕೈಯಲ್ಲಿ ಮಾತಿಲ್ಲ, ಅಲ್ಲಿಯವರೆಗೆ ಅದು ಯಾರಿಗೂ ಬೇಕಾಗಿರಲಿಲ್ಲ. ಪಾರಿ ಕ್ಷಣ ಯೋಚಿಸಿ, ಎರಡು ಬೆರಳಿನಿಂದ ಗಾಳಿಯಲ್ಲಿ ಕತ್ತರಿ ಆಡಿಸಿದಳು: ಸೀರೆ ಪೂರ್ತಿಯಾಯಿತು, ಮಗ್ಗದಿಂದ ಇಳಿಸು. ಅವ್ವ ಅವಳ ಮುಖ ನೋಡಿದಳು. ಆಮೇಲೆ ಒಂದೊಂದೇ ಮಗ್ಗದ ಹತ್ತಿರ ಹೋಗಿ ನಾಲ್ಕನ್ನೂ ನಿಲ್ಲಿಸಿದಳು. ಆ ಶೆಡ್ಡಿನ ಗೋಡೆಯ ಮೇಲೆ ಗಡಿಯಾರವಿದೆ, ಅದು ಟಿಕ್ ಟಿಕ್ ಎನ್ನುತ್ತದೆ ಎಂಬುದು ನನಗೆ ಆವತ್ತೇ ಗೊತ್ತಾದದ್ದು.

"ಊಟಾ ಮಾಡಿ ಹೋಗಬೇ ವಿದ್ಯಾ," ಎಂದಳು ಅವ್ವ. ಕಣ್ಣನ್ನು ಸೆರಗಿನಿಂದ ಎರಡು ಸಲ ಒರೆಸಿಕೊಂಡಳು, ನೂಲಿನ ಧೂಳು ಹೋಗಿದೆ ಎಂದಳು. ವಾದಿಸಲಿಲ್ಲ ನಾನು.

ಮುಂದಿನದು ಎಲ್ಲರಿಗೂ ಗೊತ್ತಿರುವುದು, ಅದರಲ್ಲಿ ನನಗೆ ತಕರಾರಿಲ್ಲ. ರಾಜ್ಯ, ಕಿರಿಯರ ತಂಡ, ಕೊನೆಗೆ ದೇಶ. ನಾನು ಧಾರವಾಡದ ಹಾಸ್ಟೆಲಿನಲ್ಲಿ ಫೋನಿನ ಸಣ್ಣ ಪರದೆಯ ಮೇಲೆ ಅವಳನ್ನು ನೋಡುತ್ತಿದ್ದೆ. ಮಾತು ಕಲಿಸುತ್ತೇವೆಂದವರಿಂದ ಕಲಿಸಲಾಗಲಿಲ್ಲ. ತಂಡದಲ್ಲಿ ಮಣಿಪುರದವರು, ತಮಿಳುನಾಡಿನವರು, ಹರಿಯಾಣದವರು. ಪಾರಿಯ ಹಿಂದಿ ಅಷ್ಟಕ್ಕಷ್ಟೇ. ಒಮ್ಮೆ ಹೊರದೇಶದ ಮೈದಾನದಲ್ಲಿ, ಆಟ ಮುಗಿಯಲು ಬಂದಾಗ, ಮಣಿಪುರದ ಡಿಫೆಂಡರ್ ಪಾರಿಯತ್ತ ನೋಡಿ ಮಣಿಕಟ್ಟು ತಿರುವಿದಳು. ಕಂಡಿಕಿ ಮುಗೀತು! ಸುಸ್ತಾಗಿದ್ದೇನೆ, ಇನ್ನು ಓಡಲಾರೆ ಎಂದರ್ಥ. ನಾನು ಮಂಚದಿಂದ ಎದ್ದು ನಿಂತು ಕೂಗಿದ್ದಕ್ಕೆ ಪಕ್ಕದ ಕೋಣೆಯವರು ಗೋಲಾಯಿತೆಂದು ಓಡಿ ಬಂದರು. ಅವರಿಗೆ ಏನೆಂದು ವಿವರಿಸಲಿ?

ಒಂದು ಸಂಗತಿ ಮಾತ್ರ ಗಮನಿಸಿದ್ದೆ. ಅಷ್ಟು ವರ್ಷಗಳ ಆಟದಲ್ಲಿ, ನಾನು ನೋಡಿದ ಒಂದು ಪಂದ್ಯದಲ್ಲೂ, ಪಾರಿ ಮತ್ತೆ ಕೈಯನ್ನು ತಲೆಯ ಮೇಲೆ ಎತ್ತಲಿಲ್ಲ. ಇದು ನನ್ನ ವಾದಕ್ಕೆ ಬೆಂಬಲ ಎಂದುಕೊಂಡಿದ್ದೆ. ತಪ್ಪು ಮಾಡಿದವರು ಎಚ್ಚರವಾಗಿರುತ್ತಾರಲ್ಲ.

ಸನ್ಮಾನದ ದಿನ ಮೂವರು ಭಾಷಣಕಾರರೂ ಅದೇ ಕಥೆ ಹೇಳಿದರು. ಮೂರನೆಯವರ ಬಾಯಲ್ಲಿ ಮೇಡಂ ಕಣ್ಣೀರೂ ಹಾಕಿದರು. ಆಮೇಲೆ ಹಳೆಯ ಗೋಲ್‌ಕೀಪರ್ ಎಂದು ನನ್ನನ್ನು ಕರೆದರು. ಮೈಕು ಹಿಡಿದೆ. "ಎಲ್ಲರಿಗೂ ನಮಸ್ಕಾರ. ಆ ದಿನ ಜಮಖಂಡಿಯಲ್ಲಿ ನಡೆದದ್ದು ಹೀಗಲ್ಲ..." ಎಂದು ಶುರು ಮಾಡಿ ವೇದಿಕೆಯತ್ತ ತಿರುಗಿದೆ. ಹಾರದ ಮೇಲಿಂದ ಪಾರಿಯ ಕೈ ನೆಟ್ಟಗೆ ಮೇಲೆದ್ದಿತ್ತು. ಬೆರಳು ಅಗಲಿಸಿ.

ನಾನು ಮಗ್ಗದ ಮನೆಯವಳಲ್ಲ. ಆದರೂ ನಿಂತೆ. ಬಾಯಲ್ಲಿದ್ದ ಮಾತು ಅಲ್ಲೇ ನಿಂತಿತು. ಏನೋ ಎರಡು ಒಳ್ಳೆಯ ಮಾತಾಡಿ ಕೆಳಗಿಳಿದೆ. ನನ್ನ ಜೀವನದಲ್ಲಿ ಪೂರ್ತಿ ಮಾಡದೆ ಬಿಟ್ಟ ಭಾಷಣ ಅದೊಂದೇ.

ಊಟದ ಪಂಕ್ತಿಯಲ್ಲಿ ಖಾಕಿ ತೊಟ್ಟ ಒಬ್ಬಳು ನನ್ನ ಪಕ್ಕ ಬಂದು ಕೂತಳು. ಸಭೆಯಲ್ಲಿ ಮುಂದಿನ ಸಾಲಿನಲ್ಲೇ ಇದ್ದವಳು. "ನೀನ ಅಲ್ಲೇನ, ಗೋಲಿನ್ಯಾಗ ನಿಂತು ಒದರ್ತಿದ್ದಾಕಿ?" ಅನಗವಾಡಿಯ ರೇಣುಕಾ. ಈಗ ಬೀಳಗಿ–ಬಾಗಲಕೋಟೆ ಬಸ್ಸಿನ ಕಂಡಕ್ಟರ್. ಪಾರಿಯನ್ನು ನೋಡಲು ಅರ್ಧ ದಿನ ರಜೆ ಹಾಕಿ ಬಂದಿದ್ದಳು.

"ಭಾಷಣ ಯಾಕ ನಿಲ್ಲಿಸಿದಿ? ಏನು ಹೇಳಾಕ ಹೊಂಟಿದ್ದಿ?"

ಹೇಳಿದೆ. ಕೈ ಮೊದಲು, ನೀನು ಬಿದ್ದದ್ದು ಆಮೇಲೆ. ಹಾಗಾಗಿ ಅದು ನಿನಗಾಗಿ ಅಲ್ಲ.

ರೇಣುಕಾ ರೊಟ್ಟಿ ಮುರಿಯುವುದನ್ನು ಬಿಟ್ಟಳು. "ಖರೆ. ಕೈ ಮೊದಲ. ಅದಕ್ಕ ಬಿದ್ನಿ ನಾ. ಮೈದಾನದ ನಟ್ಟನಡುವ ಬಸ್ಸಿಗೆ ಕೈ ಮಾಡಿದಂಗ ಅಷ್ಟೆತ್ತರ ಮಾಡಿದ್ರ ಯಾರಾದ್ರೂ ತಡೀತಾರ. ತಡದ್ನಿ, ಕಾಲು ಜಾರ್ತು. ಆಟ ಮುಗಿದ ಮ್ಯಾಲ ಹೋಗಿ ನೋಡಿದ್ನಿ. ಹುಲ್ಲಿನ್ಯಾಗ ಪೆಂಡಾಲಿನ ಕಬ್ಬಿಣದ ಗೂಟ. ಮುರಿದು ಮೊನಚಾಗಿತ್ತು. ನಾ ಬಿದ್ದಿದ್ದು ಅದರ ಈಚೀಕ ಒಂದ ಹೆಜ್ಜಿ."

"ಪಾರಿಗೆ ಅದು ಕಂಡಿತ್ತು ಅಂತ ಹೆಂಗ ಹೇಳ್ತಿ? ಅಕಿ ಅಷ್ಟು ದೂರಿದ್ಲು. ಹುಲ್ಲಿತ್ತು."

"ನಾ ಎಲ್ಲಿ ಹೇಳಿದ್ನಿ? ಗೂಟ ಇತ್ತು ಅಂದ್ನಿ, ಅಷ್ಟ."

"ಇಷ್ಟು ವರ್ಷ ಯಾರಿಗೂ ಯಾಕ ಹೇಳಲಿಲ್ಲ?"

"ಯಾರು ಕೇಳಿದ್ರು? ನೀವು ಸೋತು ಅಳಾಕತ್ತಿದ್ರಿ, ನಾವು ಗೆದ್ದು ಕುಣ್ಯಾಕತ್ತಿದ್ವಿ." ಎದ್ದು ಹೋಗುವಾಗ ನನ್ನ ಬೆನ್ನಿಗೊಂದು ಗುದ್ದು ಕೊಟ್ಟಳು. "ಈಗೂ ನಿನ್ನ ಬಾಯಿ ಹಂಗ ಐತಿ ನೋಡು."

ಮಜ್ಜಿಗೆ ಬಡಿಸುವವರು ನನ್ನನ್ನು ಎರಡು ಸಲ ಕೇಳಬೇಕಾಯಿತು. ಊರಿನ ಕಥೆಯೂ ಸುಳ್ಳು, ನನ್ನದೂ ಸುಳ್ಳಾಗಿರಬಹುದು. ಚೆಂಡು ಬರುವ ಮೊದಲೇ ನೋಡಿಟ್ಟುಕೊಂಡಿರುತ್ತಾಳೆ ಎಂದಿದ್ದರು ಮೇಡಂ. ಗೂಟವನ್ನೂ ನೋಡಿಟ್ಟುಕೊಂಡಿದ್ದಳೇ? ಹಾಗಿದ್ದರೆ ಆ ಕೈಗೆ ಅವಳು ಪಣಕ್ಕಿಟ್ಟದ್ದು ಒಂದು ಗೋಲನ್ನಲ್ಲ, ಅವ್ವ ನಾಲ್ಕು ಮಗ್ಗ ಎಳೆದು ಕೊಟ್ಟ ಇಡೀ ಮಳೆಗಾಲವನ್ನು. ಹಾಗಲ್ಲದಿದ್ದರೆ ಅದು ಬರೀ ಕೈತಪ್ಪು. ಎರಡರಲ್ಲಿ ಯಾವುದಾದರೂ ನನ್ನ ಪ್ರೀತಿಯೇನೂ ಕಡಿಮೆಯಾಗುವುದಿಲ್ಲ. ಆದರೆ ಗೊತ್ತಾಗಬೇಕು.

ಮರುದಿನ ಬೆಳಿಗ್ಗೆ ಬಸ್ಸಿಗೆ ಮುಂಚೆ ಪಾರಿಯ ಮನೆಗೆ ಹೋದೆ. ಶೆಡ್ಡಿನಲ್ಲಿ ಈಗ ಎರಡೇ ಮಗ್ಗ, ಎರಡೂ ಓಡುತ್ತಿದ್ದವು. ಅವ್ವ ಅವುಗಳ ನಡುವೆ. ಪಾರಿ ಪಟ್ಟಿ ಕಟ್ಟಿದ ಕಾಲನ್ನು ಚಾಚಿ ಸ್ಟೂಲಿನ ಮೇಲೆ ಕೂತು ಎಳೆಗಳನ್ನು ನೋಡುತ್ತಿದ್ದಳು. ಅವಳೆದುರು ನಿಂತು, ನನಗೆ ಬರುವ ಅಷ್ಟಿಷ್ಟು ಕೈಮಾತಿನಲ್ಲಿ ಕೇಳಲು ಹೋದೆ: ಜಮಖಂಡಿ, ರೇಣುಕಾ, ಗೂಟ. ಗೂಟವನ್ನು ತೋರಿಸಲು ನಾನು ಪಟ್ಟ ಪಾಡು ನೋಡಿ ಪಾರಿ ಹೊಟ್ಟೆ ಹಿಡಿದು ನಕ್ಕಳು, ಸದ್ದಿಲ್ಲದೆ, ಬಸ್ಸಿನಲ್ಲಿ ನಕ್ಕ ಹಾಗೆಯೇ. ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು. ಆಮೇಲೆ ಅವ್ವನ ಕಡೆ ತಿರುಗಿ ಕೈ ಎತ್ತಿ ಬೆರಳು ಅಗಲಿಸಿದಳು.

ಅವ್ವ ಯಾಕೆಂದು ಕೇಳಲಿಲ್ಲ. ಮಗ್ಗಗಳು ನಿಂತವು. ಗೋಡೆಯ ಗಡಿಯಾರ ಕೇಳಿಸತೊಡಗಿತು. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಇಷ್ಟು ವರ್ಷ ಒದರಿದ ನನ್ನ ಗಂಟಲಿನಿಂದ ದನಿ ಮೆಲ್ಲಗೆ ಹೊರಬಂತು.

"ಪಾರಿ, ಅವತ್ತ ನಿನಗ ಆ ಗೂಟ ಕಂಡಿತ್ತೇನ?"